ಜೋರಾಗಿ ಹೇಳು, ಇಂಜಿನ್ ಚಾಲೂ ಐತಿ

ದೊಡ್ಡಬಸಪ್ಪನವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಪಾರ್ವತಿನಗರದ ಆ ಓಣಿಗೆಲ್ಲ ಗೊತ್ತಿತ್ತು, ದೊಡ್ಡಬಸಪ್ಪನವರೊಬ್ಬರನ್ನು ಬಿಟ್ಟು. ಹಾಗೆಂದು ಮನೆಯವರು ತಿಳಿದುಕೊಂಡಿದ್ದರು. ಹಾಲಿನವನು ಗೇಟಿನ ಬಳಿ ನಿಂತು ಗಂಟಲು ಹರಿಯುವಂತೆ ಕೂಗಿದರೂ ಕಟ್ಟೆಯ ಮೇಲೆ ಕೂತ ಮುದುಕರು ತಿರುಗಿ ನೋಡುತ್ತಿರಲಿಲ್ಲ. ಕೇಳಿದರೆ, "ಈಗಿನ ಮಂದಿ ಬಾಯಾಗ ಗುಟ್ಕಾ ಇಟ್ಕೊಂಡು ಮಾತಾಡ್ತಾರ. ಒಂದು ಅಕ್ಷರಾನೂ ಸುದ್ದ ಬರಂಗಿಲ್ಲ" ಎಂದು ತಪ್ಪನ್ನು ಊರ ಮೇಲೆ ಹೊರಿಸಿಬಿಡುತ್ತಿದ್ದರು.

ಅವರು ಕುರುಗೋಡಿನಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿದವರು. ತಿರುವಿನಲ್ಲಿ ಬರುವ ಗಾಡಿಯ ಸದ್ದು ಕೇಳಿಯೇ, ಬಾನೆಟ್ ಎತ್ತುವ ಮೊದಲು, ಅದರ ರೋಗ ಹೇಳುತ್ತಿದ್ದರಂತೆ. ಸೊಂಟ ಕೈಕೊಟ್ಟ ಮೇಲೆ ಗ್ಯಾರೇಜನ್ನು ಶಿಷ್ಯ ಹುಲಿಗೇಶನಿಗೆ ಒಪ್ಪಿಸಿ, ಹೆಂಡತಿ ಜಂಬಮ್ಮನ ಜೊತೆ ಬಳ್ಳಾರಿಗೆ, ಮಗ ವೀರಭದ್ರನ ಮನೆಗೆ ಬಂದರು. ಬರುವಾಗ ಒಂದು ಸಾಮಾನಿನ ಪೆಟ್ಟಿಗೆಯನ್ನೂ ಮೂರು ಸಿಲಿಂಡರಿನ ಒಂದು ಹಳೆಯ ಬಿಳಿ ಕಾರನ್ನೂ ತಂದರು.

ಆ ಕಾರು ಈಗ ಸೊಸೆ ಅಂಜನಾಳಿಗೆ ಅನ್ನ ಕೊಡುವ ಗಾಡಿ. ಬಳ್ಳಾರಿಯ ಗಾರ್ಮೆಂಟ್ ಯೂನಿಟ್ಟಿನಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟುಗಳನ್ನು ಅವಳು ಹಿಂದಿನ ಸೀಟು ತುಂಬ ಹೇರಿಕೊಂಡು ಕುರುಗೋಡಿಗೂ ಸಿರುಗುಪ್ಪಕ್ಕೂ ಒಯ್ಯುತ್ತಾಳೆ. ಅಲ್ಲಿ ಇಪ್ಪತ್ತೆರಡು ಹೆಂಗಸರು ಮನೆಯಲ್ಲೇ ಕೂತು ಹೊರಗುಳಿದ ದಾರ ಕತ್ತರಿಸಿ, ಗುಂಡಿ ಹಚ್ಚಿ, ಮಡಿಚಿ ಕೊಡುತ್ತಾರೆ. ಶುಕ್ರವಾರ ಮಾಲು ವಾಪಸು ಬಂದು ಲಾರಿ ಹತ್ತಬೇಕು. ಅವಳೂ ಮೊದಲು ಹತ್ತು ವರ್ಷ ಅದೇ ಯೂನಿಟ್ಟಿನಲ್ಲಿ ಮಷಿನ್ ತುಳಿದವಳು. ನಲವತ್ತು ಮಷಿನ್ ಒಟ್ಟಿಗೆ ಓಡುವಾಗಲೂ ಯಾವುದರ ಹೊಲಿಗೆ ತಪ್ಪಿತೆಂದು ಅವಳ ಕಿವಿಗೆ ಗೊತ್ತಾಗುತ್ತಿತ್ತು.

ಅಂಥ ಕಿವಿಯ ಸೊಸೆ, ಕಿವಿ ಹೋದ ಮಾವ. ಇಬ್ಬರ ನಡುವೆ ಮಾತಿಲ್ಲ. ಜಗಳವೇನೂ ಅಲ್ಲ, ಮರ್ಯಾದೆ. ಅಂಜನಾ ಸಿರಿಗೇರಿಯಿಂದ ಮದುವೆಯಾಗಿ ಬಂದಾಗ ಅವಳ ತಾಯಿ ಹೇಳಿ ಕಳಿಸಿದ್ದು ಒಂದೇ ಮಾತು: "ಮಾವನ ಮುಂದ ನಿನ್ನ ದನಿ ಏರಬಾರದು." ಹದಿನೆಂಟು ವರ್ಷದಿಂದ ಅವಳು ಬಾಗಿಲ ಮರೆಯಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತು, "ಅತ್ತೀ, ಮಾವಾರ್ಗಿ ಚಾ ಕೊಡ್ಲೇನು ಕೇಳ್ರಿ" ಎಂದು ಮೆಲ್ಲಗೆ ಅನ್ನುವವಳು. ಮಾವನ ಕಿವಿ ನೆಟ್ಟಗಿದ್ದಾಗ ಆ ಮೆಲ್ಲಗಿನ ದನಿ ಅವರಿಗೆ ಮುಟ್ಟುತ್ತಿತ್ತು. ಈಗ ಅವಳ ತುಟಿ ಅಲ್ಲಾಡುವುದೂ ಸೆರಗಿನ ಮರೆಯಲ್ಲಿ ಕಾಣುತ್ತಿರಲಿಲ್ಲ.

ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗಿದ್ದ ಒಂದು ಶುಕ್ರವಾರ, ಸಿರುಗುಪ್ಪದಿಂದ ಬರುವಾಗ ಕಾರು ರಸ್ತೆ ಮಧ್ಯೆ ಕೆಮ್ಮಿ ನಿಂತುಬಿಟ್ಟಿತು. ಅಂಜನಾ ಎರಡು ತಾಸು ಒಬ್ಬಳೇ ನಿಂತಳು. ಕೊನೆಗೆ ಒಬ್ಬ ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ಎಳೆದು ತಂದ. ಲಾರಿ ಹೋಗಿಯಾಗಿತ್ತು.

"ಅಕ್ಕಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ," ಯೂನಿಟ್ಟಿನ ಮಾಲೀಕ ಸುಭಾಷ್ ಫೋನಿನಲ್ಲಿ ಹೇಳಿದ. "ಆದ್ರ ಇನ್ನೊಮ್ಮೆ ಹಿಂಗಾದ್ರ ನಾನು ಟೆಂಪೊದವ್ರಿಗಿ ಕೊಡಬೇಕಾಗ್ತೈತಿ."

ಮರುದಿನ ವೀರಭದ್ರ ಕಾರನ್ನು ಹೊಗೆ ತಪಾಸಣೆಗೆ ಒಯ್ದ. ಅದರ ನೋಂದಣಿ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅದನ್ನು ಹೊಸದು ಮಾಡಿಸಲು ತಪಾಸಣೆಯ ಚೀಟಿ ಬೇಕೇ ಬೇಕು. ಅವನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಚೀಟಿಯಲ್ಲಿದ್ದದ್ದೇ ವೇದ ಅನ್ನುವ ಜಾತಿ. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ತಂದೆಯ ತಟ್ಟೆಯ ಪಕ್ಕ ಒಂದು ಕಾಗದ ಇಟ್ಟು, ತಾಯಿಯ ಕಡೆ ತಿರುಗಿ ಹೇಳಿದ:

"ಫೇಲ್ ಆತವ್ವಾ. ಹೊಗಿ ಲೆಕ್ಕ ಮೂರರೊಳಗ ಇರಬೇಕಂತ. ಐದೂವರಿ ತೋರಿಸ್ತು. ಪೆಟ್ರೋಲ್ ಕುಡದು ಹೊಗಿ ಕಾರಾಕತ್ತೈತಿ."

ದೊಡ್ಡಬಸಪ್ಪನವರು ಕನ್ನಡಕ ಏರಿಸಿ ಓದಿ ಕಾಗದ ಮಡಿಚಿಟ್ಟರು. "ಅವನ ಮಷಿನ್ ಕೆಟ್ಟೈತಿ. ಹೋದ ತಿಂಗ್ಳ ನಾನೇ ಕೈಯಾರ ಟ್ಯೂನ್ ಮಾಡೀನಿ."

"ಅವ್ವಾ, ಗುಜರಿಯವ್ನ ಜೋಡಿ ಮಾತಾಡೀನಿ. ಮುಂದಿನ ತಿಂಗ್ಳ ಕೊನಿ ಮಟ ನೋಡೋಣು. ಪಾಸಾಗ್ಲಿಲ್ಲಂದ್ರ ಕೊಟ್ಟುಬಿಡೋದು."

"ನನ್ನ ಕೆಲಸ?" ಅಡುಗೆಮನೆಯ ಬಾಗಿಲಿನಿಂದ ಅಂಜನಾ ಕೇಳಿದಳು.

"ಬಸ್ಸಿನಾಗ ಹೋಗು."

"ಇನ್ನೂರು ಪ್ಯಾಂಟಿನ ಗಂಟು ತಲಿ ಮ್ಯಾಲ ಹೊತ್ಕೊಂಡು ಹೋಗ್ಲೇನ್ರಿ?"

"ಹಂಗಾದ್ರ ಬಿಟ್ಟುಬಿಡು. ಗದ್ದಿ ನಡುವ ಒಬ್ಬಾಕಿ ನಿಂತಿದ್ದಿ. ಆ ಎರಡು ತಾಸು ನನ್ನ ಜೀವ ಎಲ್ಲಿತ್ತು ಗೊತ್ತೇನು?"

ಪಾಪ, ಅದೂ ಸುಳ್ಳಲ್ಲ. ಹತ್ತನೇ ತರಗತಿಯ ಮಗಳು ಅಕ್ಷತಾ ಇಬ್ಬರ ಮುಖವನ್ನೂ ನೋಡಿ ರೊಟ್ಟಿ ಮುರಿಯತೊಡಗಿದಳು. ದೊಡ್ಡಬಸಪ್ಪನವರು ತಮ್ಮ ಸುತ್ತ ಏನೋ ನಡೆಯುತ್ತಿದೆ ಎಂದು ತಿಳಿದು, "ಏನಂತ?" ಎಂದು ಕೇಳಿದರು. "ಏನಿಲ್ಲ, ಉಣ್ಣಪ್ಪ" ಎಂದು ವೀರಭದ್ರ ಕೈ ಆಡಿಸಿದ.

ಅಂಜನಾ ಅಂದು ಹೇಳದೇ ನುಂಗಿದ ಮಾತು ಇನ್ನೊಂದಿತ್ತು. ಕಾರಿನ ಹೊಲಿಗೆ ತಪ್ಪುತ್ತಿದೆ ಎಂದು ಅವಳಿಗೆ ದಸರಾದಿಂದಲೇ ಗೊತ್ತಿತ್ತು. ಡಗ್ ಡಗ್ ಡಗ್ ಎಂದು ಓಡುವುದರ ನಡುವೆ ಒಂದು ಡಗ್ ಮಾಯವಾಗುತ್ತಿತ್ತು. ಪ್ರತಿ ಸಲ ಮಾವ ಬಾನೆಟ್ ಎತ್ತಿ ಸ್ಕ್ರೂ ತಿರುವಿದ ಮೇಲೆ ಇನ್ನಷ್ಟು ಕೆಡುತ್ತಿತ್ತು. ಆದರೆ ನಲವತ್ತು ವರ್ಷ ಕೈ ಕಪ್ಪು ಮಾಡಿಕೊಂಡವರ ಕೆಲಸ ಕೆಟ್ಟಿದೆ ಎಂದು ಸೊಸೆ ಯಾವ ಬಾಯಿಂದ ಹೇಳಬೇಕು? ಹೇಳಿದರೂ ಮೆಲ್ಲಗೆ ಹೇಳಬೇಕು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸದು.

ಮಾರನೆಯ ಬೆಳಿಗ್ಗೆ ಅವಳು ಅತ್ತೆಯ ಹತ್ತಿರ ಬಂದಳು. ಜಂಬಮ್ಮ ಜೋಳದ ಹಿಟ್ಟು ನಾದುತ್ತಿದ್ದರು.

"ಅತ್ತೀ, ಗಾಡಿ ಟ್ಯೂನ್ ಮಾಡೋದು ನಾನು ಕಲೀತೀನಿ. ಮಾವಾರ್ನ ಕೇಳ್ರಿ."

"ರೊಟ್ಟಿ ಬಡಿಯೋ ಕೈಗಿ ಗ್ರೀಸ್ ಹಚ್ಕೊಂತೀಯೇನವಾ?"

"ಸೋಪಿನಿಂದ ಹೋಗ್ತೈತ್ರಿ. ಗಾಡಿ ಹೋದ್ರ ತಿರುಗಿ ಬರಂಗಿಲ್ಲ."

ಜಂಬಮ್ಮ ಸೊಸೆಯ ಮುಖ ನೋಡಿದರು. ಹಿಟ್ಟಿನ ಕೈಯಲ್ಲೇ ಎದ್ದು ಕಟ್ಟೆಗೆ ಹೋಗಿ ಗಂಡನ ಕಿವಿಯ ಹತ್ತಿರ ಕೂಗಿದರು. ಗಂಡ ಹೆಂಡಿರ ನಡುವೆ ಕೂಗಾಟಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಅದು ಐವತ್ತು ವರ್ಷದ ಅಭ್ಯಾಸ.

ದೊಡ್ಡಬಸಪ್ಪನವರು ಕಾರಿನ ಕಡೆ ನೋಡಿದರು. "ಬಾ ಅನ್ನು. ಆದ್ರ ತಲಿ ಮ್ಯಾಲಿನ ಸೆರಗು ಇಳಿಸಿ ಸೊಂಟಕ್ಕ ಬಿಗಿಯಾಗಿ ಸಿಗಿಸ್ಕೊಂಡು ಬಾ ಅನ್ನು. ಬೆಲ್ಟಿಗಿ ಸಿಕ್ತಂದ್ರ ಸೀರಿ ಅಷ್ಟ ಅಲ್ಲ, ಮನಷ್ಯಾನೂ ಹೋಗ್ತಾನ."

ಹದಿನೆಂಟು ವರ್ಷದಲ್ಲಿ ಮೊದಲ ಸಲ ಅಂಜನಾ ಮಾವನ ಎದುರು ಬರಿತಲೆಯಲ್ಲಿ ನಿಂತಳು. ಅವರು ಅವಳ ತಲೆಯನ್ನು ನೋಡಲೇ ಇಲ್ಲ, ಇಂಜಿನ್ ನೋಡುತ್ತಿದ್ದರು.

"ಮೊದಲು ಗಾಳಿ, ಆಮ್ಯಾಲ ಕಿಡಿ, ಕೊನೀಗಿ ಪೆಟ್ರೋಲು. ಇದು ತಪ್ಪಬಾರದು," ಎಂದರು. "ಹೊಸಬ್ರೆಲ್ಲಾ ಮೊದಲು ಪೆಟ್ರೋಲ್ ಬಿಡೋ ಕಾರ್ಬುರೇಟರಿನ ಸ್ಕ್ರೂಗೇ ಕೈ ಹಾಕ್ತಾರ, ಕೈಗಿ ಸುಲಭ ಸಿಗ್ತೈತಿ ಅಂತ. ಗಾಳಿ, ಕಿಡಿ ಸುದ್ದ ಇಲ್ದ ಅದನ್ನ ತಿರುವಿದ್ರ, ಹೊಟ್ಟಿನೋವು ಇದ್ದಾವಗ ಮ್ಯಾಲ ಮ್ಯಾಲ ಉಣ್ಣಾಕ ಹಾಕಿದಂಗ."

ಅಂದು ಗಾಳಿಯ ಪಾಠ. ಏರ್ ಫಿಲ್ಟರ್ ತೆಗೆದು ಕುಟ್ಟಿದರೆ ಬಳ್ಳಾರಿಯ ಕೆಂಪು ಧೂಳೆಲ್ಲ ಅಂಗಳದಲ್ಲಿ ಬಿತ್ತು. ಮುಂದಿನ ಭಾನುವಾರ ಕಿಡಿ. ಪ್ಲಗ್ಗುಗಳನ್ನು ಅಂಜನಾಳೇ ಬಿಚ್ಚಿದಳು. ಮೊದಲನೆಯದಕ್ಕೆ ಅರ್ಧ ತಾಸು, ಮೂರನೆಯದಕ್ಕೆ ಎರಡು ನಿಮಿಷ.

"ತುದಿ ಚಾದ ಬಣ್ಣ ಇರಬೇಕು," ಎಂದು ಮಾವ ಕೈ ಚಾಚಿದರು. "ಬೆಳ್ಳಗಿದ್ರ ಪೆಟ್ರೋಲ್ ಕಮ್ಮಿ, ಕರ್ರಗಿದ್ರ ಜಾಸ್ತಿ."

ಮೂರೂ ಒಲೆಯ ಕಟ್ಟಿಗೆಯಷ್ಟು ಕಪ್ಪಗಿದ್ದವು. ದೊಡ್ಡಬಸಪ್ಪನವರು ಒಂದೊಂದನ್ನೂ ತಿರುಗಿಸಿ ನೋಡಿದರು. ಸೊಂಟ ಬಗ್ಗದ್ದರಿಂದ ಅವರು ಪ್ಲಗ್ಗು ಬಿಚ್ಚಿ ಒಂದು ವರ್ಷವೇ ಆಗಿತ್ತು.

"ಈಗಿನ ಪೆಟ್ರೋಲು ಸುದ್ದ ಇಲ್ಲ," ಎಂದರು ಕೊನೆಗೆ.

ಪ್ಲಗ್ಗು ಉಜ್ಜಿ ಕೂಡಿಸಿ ಇಂಜಿನ್ ಚಾಲೂ ಮಾಡಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಮಾವ ಬಾನೆಟ್ಟಿನ ಒಂದು ಕಡೆ, ಸೊಸೆ ಇನ್ನೊಂದು ಕಡೆ, ನಡುವೆ ಜಂಬಮ್ಮ.

"ಸದ್ದು ಹೆಂಗೈತಿ, ಕೇಳು ಆಕೀನ," ಎಂದರು ಮಾವ.

"ಹೆಂಗೈತಂತವಾ?"

"ಒಂದು ತಪ್ಪಾಕತ್ತೈತ್ರಿ ಅತ್ತಿ. ಮೂರು ಸಲ ಸುದ್ದ ಬಂದು ಆಮ್ಯಾಲ ಒಂದು ಎಗರಿಹೋಗ್ತೈತಿ."

"ಕೆಮ್ಮಾಕತ್ತೈತಂತ್ರೀ!" ಜಂಬಮ್ಮ ಗಂಡನಿಗೆ ಕೂಗಿದರು.

"ಒಣ ಕೆಮ್ಮೋ, ಕಫದ ಕೆಮ್ಮೋ?"

"ಅದು ಕಾರೈತಿ, ಕೂಸಲ್ಲ! ನನಗೇನು ಗೊತ್ತು?"

ಹೀಗೆ ಹದಿನೈದು ನಿಮಿಷ. ಅಷ್ಟರಲ್ಲಿ ಅಡುಗೆಮನೆಯಿಂದ ಬೇಳೆ ಹತ್ತಿದ ವಾಸನೆ ಬಂತು. ಜಂಬಮ್ಮನ ಸಹನೆಯೂ ಅದರ ಜೊತೆಗೇ ತಳ ಹಿಡಿಯಿತು. "ಸುಡುಗಾಡು ನಿಮ್ಮ ಮರ್ಯಾದಿ! ಎದುರಾ ಬದರಾ ನಿಂತೀರಿ, ಇಬ್ರಿಗೂ ಬಾಯಿ ಐತಿ. ನೀವ್ ನೀವಾ ಮಾತಾಡ್ಕೊಳ್ರಿ!" ಎಂದು ಒಳಗೆ ಓಡಿದರು.

ಇಂಜಿನ್ ಓಡುತ್ತಲೇ ಇತ್ತು. ಮಾವ ಅಂಗೈಯನ್ನು ಇಂಜಿನ್ ಮೇಲಿಟ್ಟು, ಕಣ್ಣು ಕಿರಿದು ಮಾಡಿ ಅವಳ ಬಾಯಿ ನೋಡುತ್ತಿದ್ದರು. ಅಂಜನಾ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೇ ಸಲ ಎದೆಯೊಳಗಿನ ಉಸಿರೆಲ್ಲ ಸೇರಿಸಿ ಕೂಗಿದಳು.

"ಮಾವಾ! ಒಂದು ತಪ್ಪಾಕತ್ತೈತಿ!"

ಕೂಗಿದವಳೇ ಹೆದರಿ ಬಾಯಿ ಮುಚ್ಚಿಕೊಂಡಳು. ಮುಖದ ಮೇಲೆ ಐದು ಬೆರಳಿನ ಮಸಿ ಮೂಡಿತು. ಮಾವ ಮಾತ್ರ ಏನೂ ಆಗಿಲ್ಲದವರಂತೆ, "ಎಷ್ಟಕ್ಕ ಒಂದು? ಎಣಿಸಿ ಹೇಳು. ಜೋರಾಗಿ ಹೇಳು, ಇಂಜಿನ್ ಚಾಲೂ ಐತಿ," ಎಂದರು.

ಅವಳ ಎಣಿಕೆಯ ಮೇಲೆ ಮಾವ ಹುಡುಕಿದಾಗ, ತಪ್ಪು ಇದ್ದದ್ದು ಪಾಯಿಂಟಿನಲ್ಲಿ. ಕಿಡಿಯನ್ನು ಹೊತ್ತಿಗೆ ಸರಿಯಾಗಿ ಬಿಡುವ, ಉಗುರಿನಷ್ಟು ಸಣ್ಣ ಸಾಮಾನು ಅದು. ಅದರ ಬಾಯಿ ಸವೆದುಹೋಗಿತ್ತು. ಹಳೆಯ ಗಾಡಿಯ ಪಾಯಿಂಟು ಬಳ್ಳಾರಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕುರುಗೋಡಿನಲ್ಲಿ ಹುಡುಕಿಡು ಎಂದು ಹುಲಿಗೇಶನಿಗೆ ಫೋನು ಹೋಯಿತು. ಅದು ಬರುವವರೆಗೆ ಹಳೆಯದರ ಮೇಲೇ ಅಭ್ಯಾಸ. ಎಲೆಯಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಅದರ ಬಾಯೊಳಗೆ ತೂರಿಸಿ, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಎಳೆಯಬೇಕು.

"ಹೊಲಿಗಿ ಮಷಿನ್‌ನಾಗ ದಾರ ಎಳದಂಗ ಐತ್ರಿ ಮಾವಾ!"

"ನನಗ ಹೊಲಿಗಿ ಬರಂಗಿಲ್ಲವಾ. ನಿನಗ ಹಂಗ ತಿಳದ್ರ ಹಂಗಾ ತಿಳಕೋ!"

ಬಾಯಿ ಒಮ್ಮೆ ಬಿಚ್ಚಿಕೊಂಡರೆ ಬರೀ ಇಂಜಿನ್ನಿಗೆ ನಿಲ್ಲುತ್ತದೆಯೇ? ಊಟಕ್ಕೆ ಕೂತಾಗ ಅಂಜನಾ, "ಮಾವಾ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದು ಕೂಗಿ ಕೇಳಿದಳು. ಎಷ್ಟೋ ದಿನಗಳಿಂದ ಎಲ್ಲರೂ ಅವರನ್ನು ಕೇಳದೆಯೇ ಬಡಿಸುತ್ತಿದ್ದರು. ದೊಡ್ಡಬಸಪ್ಪನವರು ತಟ್ಟೆಯಿಂದ ತಲೆ ಎತ್ತಿ, "ಅರ್ಧ ಹಾಕು. ಪುಂಡಿಪಲ್ಯ ಚಲೋ ಆಗೈತಿ" ಎಂದರು. ಊಟದ ರುಚಿಯ ಬಗ್ಗೆ ಅವರು ಮಾತಾಡಿ ವರ್ಷವಾಗಿತ್ತೆಂದು ಅಕ್ಷತಾಳಿಗೆ ಆಗ ಹೊಳೆಯಿತು. ಅವಳೂ, "ತಾತಾ, ನಂಗ ಸೈಕಲ್ ಚೈನ್ ಹಾಕೋದು ಕಲಿಸು!" ಎಂದು ಕಿರುಚಿದಳು.

ಪಕ್ಕದ ಮನೆಯ ಎರ್ರಮ್ಮನಿಗೆ ಈ ಕೂಗು ಗೋಡೆಯಾಚೆಯಿಂದ ಕೇಳುತ್ತಿತ್ತು, ಇಂಜಿನ್ ಮಾತ್ರ ಕಾಣುತ್ತಿರಲಿಲ್ಲ. ಆಕೆ ಬಿಪಿ ಮಾತ್ರೆಗೆಂದು ಔಷಧಿ ಅಂಗಡಿಗೆ ಹೋದಾಗ, ನಾಲ್ಕು ಗಿರಾಕಿಗಳ ಮುಂದೆ ವೀರಭದ್ರನಿಗೆ ಹೇಳಿದಳು: "ಬ್ಯಾಸರ ಮಾಡ್ಕೋಬ್ಯಾಡಪ್ಪ. ನಿನ್ನ ಹೆಂಡ್ತಿ ನಿಮ್ಮಪ್ಪಗ ದಿನಾ ಬಾಯಿ ಮಾಡಾಕತ್ಯಾಳ. ವಯಸ್ಸಾದವ್ರು, ಪಾಪ."

ಆ ಭಾನುವಾರ ಊಟಕ್ಕೆ ಕೂತಾಗ ಆ ಮಾತು ಹೊರಬಂತು.

"ನಾಲ್ಕು ಮಂದಿಯೊಳಗ ನನ್ನ ಮಾನ ಹೋತು," ವೀರಭದ್ರ ಶುರು ಮಾಡಿದ. "ಮಾವನ ಮ್ಯಾಲ ದನಿ ಏರಸ್ತಾರೇನು?"

"ಬೈದಿಲ್ರಿ. ಪಾಯಿಂಟಿನ ಬಗ್ಗಿ ಹೇಳಾಕತ್ತಿದ್ದೆ."

"ಮೆಲ್ಲಕ ಹೇಳಾಕ ಬರಂಗಿಲ್ಲ?"

"ಮೆಲ್ಲಕ ಹೇಳಿದ್ರ ಅವರಿಗಿ ಕೇಳಬೇಕಲ್ರಿ!"

"ಏನಾತು?" ದೊಡ್ಡಬಸಪ್ಪನವರು ಎಲ್ಲರ ಮುಖ ನೋಡಿ ಕೇಳಿದರು. ಎಲ್ಲರೂ ತಟ್ಟೆ ನೋಡಿದರು. "ಏನಾತಂದ್ರ?"

ವೀರಭದ್ರನ ಸಿಟ್ಟು ನೆತ್ತಿಗೇರಿತ್ತು. ಹೆಂಡತಿಯ ಕಡೆಗೇ ತಿರುಗಿ ಗುಡುಗಿದ: "ಅಪ್ಪಗ ಕಿವಿ ಕೇಳಂಗಿಲ್ಲಂತ ಓಣಿಗೆಲ್ಲಾ ಡಂಗುರ ಹೊಡೀತೀಯೇನು!"

ಎರಡು ವರ್ಷದಲ್ಲಿ ಮಗನ ಬಾಯಿಂದ ಮುದುಕರಿಗೆ ಪೂರ್ತಿ ಕೇಳಿಸಿದ ಮೊದಲ ವಾಕ್ಯ ಅದಾಗಿತ್ತು.

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ನೀರು ಕುಡಿದು, ಎದ್ದು ಹೊರಗೆ ಹೋದರು. ಜಂಬಮ್ಮ ಸಾರಿನ ಸೌಟು ಕೆಳಗಿಟ್ಟು ಮಗನನ್ನು ನೋಡಿದರು.

"ಆಕಿ ಕೂಗಿ ಆದ್ರೂ ಮಾತಾಡಸ್ತಾಳ. ನೀ ನಿಮ್ಮಪ್ಪನ್ನ ಮಾತಾಡಿಸಿ ಎಷ್ಟ್ ದಿನ ಆತಪ್ಪ? ಅಪ್ಪಗ ಹೇಳು, ಅಪ್ಪಗ ಕೇಳು ಅಂತ ನನ್ನ ಕಡಿಂದ ಹೇಳಸ್ತಿ. ನಾನೇನು ಟಪಾಲಿನಾಕೀನೇನು?"

ಮರುದಿನ ಬೆಳಿಗ್ಗೆ ದೊಡ್ಡಬಸಪ್ಪನವರು ಮೊದಲ ಬಸ್ಸಿಗೆ ಕುರುಗೋಡಿಗೆ ಹೊರಟುಹೋದರು. ಸಾಮಾನಿನ ಪೆಟ್ಟಿಗೆಯನ್ನು ಬಿಟ್ಟು ಹೋಗಿದ್ದರು.

ವೀರಭದ್ರ ಗಡುವು ಹೇಳಿದ್ದ ತಿಂಗಳ ಕೊನೆಗೆ ಹತ್ತು ದಿನ ಉಳಿದಿತ್ತು. ಅಂಜನಾಳಿಗೆ ಚಿಂತೆ ಎರಡು. ಮಾವನಿಗೆ ನೋವಾಯಿತೆಂಬುದು ಒಂದು, ಕಾರು ಹೋಗುತ್ತದೆಂಬುದು ಇನ್ನೊಂದು. ಸಿರುಗುಪ್ಪದಲ್ಲಿ ಗುಂಡಿ ಹಚ್ಚಿಕೊಡುವ ಮೀನಾ ಫೋನು ಮಾಡಿ, "ಅಕ್ಕಾ, ಟೆಂಪೊದವ್ರು ಮನೀ ಮನೀಗಿ ಬರಂಗಿಲ್ಲಂತ. ನಾವೇ ಬಳ್ಳಾರಿಗಿ ಬಂದು ಒಯ್ಯಬೇಕಂತ. ನಮಗ ಅದು ಆಗೋ ಮಾತಲ್ಲ. ನಿನ್ನ ಗಾಡಿ ಏನಾತು?" ಎಂದು ಕೇಳಿದಳು. ಅಂಜನಾ ಸಿಟ್ಟಿನಲ್ಲಿ ಒಬ್ಬಳೇ ಬಾನೆಟ್ ಎತ್ತಿದಳು. ಪಾಯಿಂಟು ಇನ್ನೂ ಬಂದಿರಲಿಲ್ಲ. ಕಣ್ಣೆದುರು ಕಾರ್ಬುರೇಟರಿನ ಸಣ್ಣ ಸ್ಕ್ರೂ ಕಂಡಿತು. ಒಂದಿಷ್ಟು ತಿರುವಿದರೆ ಏನಾದೀತು ಎಂದುಕೊಂಡಳು. ಒಳಗೆ ತಿರುವಿದಳು, ಹೊರಗೆ ತಿರುವಿದಳು, ಎಷ್ಟು ಸುತ್ತು ಎಂದು ಎಣಿಸುವುದನ್ನು ಮರೆತಳು. ಇಂಜಿನ್ ಒಮ್ಮೆ ಮೈ ಕೊಡವಿ ನಿಂತುಬಿಟ್ಟಿತು.

ಏನೇನೋ ಮಾಡಿ ಚಾಲೂ ಮಾಡಿದಳು. ಬುಧವಾರ ಕುರುಗೋಡಿನ ಗಂಟುಗಳನ್ನು ಹೇರಿಕೊಂಡು ಹೊರಟವಳು, ಕರಿ ಹೊಗೆ ಬಿಡುತ್ತ, ದಾರಿಯಲ್ಲಿ ಆರು ಸಲ ನಿಂತು, ಹುಲಿಗೇಶನ ಗ್ಯಾರೇಜಿನ ಮುಂದೆ ತಲುಪಿದಳು. ಈಗ ಅಲ್ಲಿ ಬರೀ ಬೈಕುಗಳ ಕೆಲಸ. ದೊಡ್ಡಬಸಪ್ಪನವರು ಹಳೆಯ ಟೈರಿನ ಮೇಲೆ ಕೂತು ಚಾ ಕುಡಿಯುತ್ತಿದ್ದರು. ಸದ್ದು ಅವರಿಗೆ ಕೇಳಿಸಲಿಲ್ಲ. ಹೊಗೆಯ ವಾಸನೆಗೆ ತಿರುಗಿ ನೋಡಿದರು.

ಅಂಜನಾ ಇಳಿದು ಬಂದು ಎದುರು ನಿಂತಳು. ತಲೆ ಮೇಲೆ ಸೆರಗಿರಲಿಲ್ಲ.

"ಮಾವಾ! ನಾನು ಮೊದಲು ಸ್ಕ್ರೂ ತಿರುವಿದೆ!"

ಗ್ಯಾರೇಜಿನವರೆಲ್ಲ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ಹಿಡಿದು ನಿಂತರು. ಮುದುಕರು ಅವಳನ್ನೇ ನೋಡಿದರು. ಮೀಸೆಯಡಿ ನಗು ಸುಳಿಯಿತೋ ಇಲ್ಲವೋ.

"ಎಷ್ಟು ಸುತ್ತು?"

"ಎಣಿಸ್ಲಿಲ್ರಿ!"

"ಕುಂಡ್ರು," ಎಂದು ಪಕ್ಕದ ಟೈರು ತೋರಿಸಿದರು. ಅವಳು ಕೂತಳು. "ನನ್ನ ಕಿವಿ ಹೋಗಿದ್ದು ನನಗ ಗೊತ್ತಿಲ್ಲಂತ ತಿಳ್ಕೊಂಡಿದ್ರೇನು ಎಲ್ಲಾರೂ? ಎರಡು ವರ್ಷ ಆತವಾ. ಮೊದಲು ಗುಬ್ಬಿ ಸದ್ದು ಹೋತು, ಆಮ್ಯಾಲ ಮಂದಿ ಮಾತು, ಆಮ್ಯಾಲ ಇಂಜಿನ್. ಹೇಳಿದ್ರ ಏನಾಕ್ಕಿತ್ತು? ಗಾಡಿ ಮುಟ್ಟಬ್ಯಾಡ ಅಂತಿದ್ರಿ. ಸೊಂಟ ಬಗ್ಗಂಗಿಲ್ಲ, ಕಿವಿ ಕೇಳಂಗಿಲ್ಲ, ಕೈಗಿ ಸಿಗ್ತಿದ್ದದ್ದು ಆ ಸ್ಕ್ರೂ ಒಂದಾ. ಇಂಜಿನ್ ಮ್ಯಾಲ ಕೈ ಇಟ್ಟು, ಅದರ ನಡುಕ ಗಟ್ಟಿ ಅನ್ಸೋ ಮಟ ತಿರುವ್ತಿದ್ದೆ. ನಲವತ್ತು ವರ್ಷ ಮಂದೀಗಿ ಹೇಳಿದ ಪಾಠ ನಾನಾ ಮುರದೆ."

ಅಂಜನಾಳ ಕಣ್ಣು ತುಂಬಿತು. "ನನಗ ದಸರಾದಾಗ ಗೊತ್ತಿತ್ರಿ ಮಾವಾ! ತಪ್ಪಾಕತ್ತೈತಂತ!"

"ಯಾಕ ಹೇಳ್ಲಿಲ್ಲ?"

"ನಿಮ್ಮ ಕೆಲಸಕ್ಕ ನಾನು ಹೆಂಗ್ರಿ ಹೆಸರಿಡ್ಲಿ!"

"ಹಂಗಾದ್ರ ಗಾಡಿ ಕೆಡಿಸಿದೋರು ನಾನೊಬ್ನಾ ಅಲ್ಲ," ಎಂದು ಮೊಣಕಾಲು ಹಿಡಿದು ಎದ್ದರು. "ನೀನೂ, ನಿನ್ನ ಸೆರಗೂ ಐತಿ. ಹುಲಿಗೇಶಾ, ಪಾಯಿಂಟ್ ಸಿಕ್ತೇನಲೇ?"

ಹುಲಿಗೇಶ ಹಳೆಯ ಡಬ್ಬಿಯೊಂದರಿಂದ ಎಣ್ಣೆ ಕಾಗದದಲ್ಲಿ ಸುತ್ತಿದ ಪಾಯಿಂಟು ತೆಗೆದುಕೊಟ್ಟ. ಗುರು ಗ್ಯಾರೇಜು ಬಿಡುವ ಮೊದಲು ತಾವೇ ಇಟ್ಟುಹೋಗಿದ್ದು.

ಗಾಳಿ ನೋಡಿದರು. ಪ್ಲಗ್ಗು ಬಿಚ್ಚಿ ಉಜ್ಜಿದರು. ಹೊಸ ಪಾಯಿಂಟು ಕೂಡಿಸಿ, ಉಕ್ಕಿನ ಪಟ್ಟಿ ತೂರಿಸಿ ಅಂಜನಾಳೇ ಎಳೆದು ನೋಡಿ ಬಿಗಿ ಮಾಡಿದಳು. ಎಲ್ಲ ಮುಗಿದ ಮೇಲೆ, ಕೊನೆಗೆ, ಕಾರ್ಬುರೇಟರು. ಮಾವ ಸ್ಕ್ರೂ ಡ್ರೈವರನ್ನು ಅವಳ ಕೈಗೆ ಕೊಟ್ಟರು.

"ಪೂರಾ ಒಳಗ ತಿರುವು, ಮೆಲ್ಲಕ. ಈಗ ಎಣಿಸ್ಕೋತ ಎರಡೂವರಿ ಸುತ್ತು ಹೊರಗ. ಹಂ, ಚಾಲೂ ಮಾಡು. ಈಗ ಚೂರು ಚೂರಾ ಒಳಗ. ಸದ್ದು ಹೆಂಗ ಬರ್ತೈತಿ ಹೇಳ್ಕೋತ ಹೋಗು."

"ಏರಾಕತ್ತೈತ್ರಿ! ಇನ್ನೂ ಏರ್ತು! ಸುದ್ದ ಐತಿ! ಈಗ ನಡುಗ್ತು!"

"ಪೆಟ್ರೋಲ್ ಕಮ್ಮಿ ಆತು. ಹಿಂದಕ್ಕ 'ಸುದ್ದ' ಅಂದ್ಯಲ್ಲ, ಅಲ್ಲಿಗಿ ಬಾ."

ಅವಳು ಹಿಂದಕ್ಕೆ ಬಂದಳು. ಡಗ್ ಡಗ್ ಡಗ್ ಡಗ್. ಒಂದೂ ಎಗರಲಿಲ್ಲ. ಹೊಸ ದಾರ ಹಾಕಿದ ಮಷಿನ್ ಜೀನ್ಸ್ ಮೇಲೆ ಓಡಿದಂತೆ ಓಡಿತು. ಅಂಜನಾ ಏನೂ ಕೂಗಲಿಲ್ಲ, ಬರೀ ಮಾವನ ಮುಖ ನೋಡಿ ತಲೆ ಆಡಿಸಿದಳು. ಅವರು ಇಂಜಿನ್ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು.

"ಮನಿಗಿ ಬರ್ರಿ ಮಾವಾ! ಕಿವಿ ಡಾಕ್ಟರ್ ಹತ್ರಾನೂ ಹೋಗಿ ಬರೋಣು!"

"ಮೊದಲು ಗಾಡೀದು ಪಾಸಾಗ್ಲಿ. ಆಮ್ಯಾಲ ನಂದು."

ಮಾವ ಅದೇ ಕಾರಿನಲ್ಲಿ ಮನೆಗೆ ಮರಳಿದರು. ಶನಿವಾರ ಹೊಗೆ ತಪಾಸಣೆಗೆ ಮಾವ, ಸೊಸೆ, ಮಗ ಮೂವರೂ ಹೋದರು. ಗಾಡಿ ವೀರಭದ್ರನ ಹೆಸರಿನಲ್ಲಿತ್ತು, ಅವನು ಬರಲೇಬೇಕಿತ್ತು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಕಾರು ಒಮ್ಮೆಯೂ ಕೆಮ್ಮದ್ದನ್ನು ಗಮನಿಸಿದ, ಹೇಳಲಿಲ್ಲ. ಗುಜರಿಯವನ ಫೋನು ಬಂತು. "ಆಮ್ಯಾಲ ಮಾತಾಡ್ತೀನಿ" ಎಂದು ಇಟ್ಟುಬಿಟ್ಟ.

ಸಾಲಿನಲ್ಲಿ ಆಟೊಗಳಿದ್ದವು, ಬೈಕುಗಳಿದ್ದವು. ಇವರ ಸರದಿ ಬಂದಾಗ ಅಂಜನಾ, ವೀರಭದ್ರ ಇಳಿದು ಬದಿಗೆ ನಿಂತರು. ದೊಡ್ಡಬಸಪ್ಪನವರು ಮುಂದಿನ ಸೀಟಿನಲ್ಲೇ ಕೂತರು. ತಪಾಸಣೆಯವನು ಹೊಗೆ ಕೊಳವೆಗೆ ನಳಿಕೆ ಸಿಕ್ಕಿಸಿ ಪರದೆಯನ್ನು ಈಚೆ ತಿರುಗಿಸಿದ. ಅಂಕೆ ನಾಲ್ಕರ ಹತ್ತಿರ ಹೋಗಿ, ಇಳಿದು, ಇನ್ನೂ ಇಳಿದು, ಎರಡು ಪಾಯಿಂಟ್ ಒಂದಕ್ಕೆ ನಿಂತಿತು. ಅಂಜನಾ ಮಾವನ ಕಡೆ ನೋಡಿದಳು. ಅವರು ಕನ್ನಡಕ ಏರಿಸಿ ಪರದೆಯನ್ನೇ ನೋಡುತ್ತಿದ್ದರು. ಅಂಕೆಯನ್ನು ಎಲ್ಲರಿಗಿಂತ ಮೊದಲು ಓದಿದವರು ಅವರೇ. ಓದಿ, ಕನ್ನಡಕ ತೆಗೆದು ಜೇಬಿಗೆ ಹಾಕಿ, ಏನೂ ತಿಳಿಯದವರಂತೆ ಕೂತರು.

"ಹಳೇ ಗಾಡಿ ಸಾರ್, ಭಾರಿ ಇಟ್ಟೀರಿ. ಟ್ಯೂನ್ ಮಾಡಿದ ಮೇಸ್ತ್ರಿ ಯಾರು?" ತಪಾಸಣೆಯವನು ಚೀಟಿ ಕೊಡುತ್ತ ಕೇಳಿದ.

ವೀರಭದ್ರ ಒಂದು ಕ್ಷಣ ತಡೆದು, "ನಮ್ಮನಿಯಾಕಿ" ಎಂದ. ಚೀಟಿ ಹಿಡಿದು ಬಂದು, ರೂಢಿಯಂತೆ ಹೆಂಡತಿಗೆ ಹೇಳಿದ: "ಅಂಜನಾ, ಪಾಸಾತಂತ ಅಪ್ಪಗ ಹೇಳು."

"ನೀವಾ ಹೇಳ್ರಿ," ಎಂದಳು ಅಂಜನಾ. "ಜೋರಾಗಿ ಹೇಳ್ರಿ, ಇಂಜಿನ್ ಚಾಲೂ ಐತಿ."

ವೀರಭದ್ರ ಸುತ್ತ ನೋಡಿದ. ಆಟೊದವರು ನೋಡುತ್ತಿದ್ದರು. ಅವನ ಅಂಗಡಿಯ ಗಿರಾಕಿಯೊಬ್ಬನೂ ಸಾಲಿನಲ್ಲಿದ್ದ. ಅವನು ಕಿಟಕಿಯೊಳಗೆ ತಲೆ ಬಗ್ಗಿಸಿ, ಎಷ್ಟೋ ವರ್ಷದ ಮೇಲೆ ತಂದೆಯ ಕಿವಿಯ ಹತ್ತಿರ ಬಾಯಿ ಒಯ್ದು ಕೂಗಿದ.

"ಅಪ್ಪಾ! ಪಾಸ್ ಆತಪ್ಪಾ!"

ದೊಡ್ಡಬಸಪ್ಪನವರು ನಿಧಾನಕ್ಕೆ ಮಗನ ಕಡೆ ತಿರುಗಿ, ಕಿವಿಯ ಹಿಂದೆ ಕೈ ಇಟ್ಟರು.

"ಏನಂದಿ? ಕೇಳ್ಲಿಲ್ಲ. ಇನ್ನೊಮ್ಮೆ ಹೇಳು."

ಅಂಜನಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು. ವೀರಭದ್ರ ಉಸಿರು ತುಂಬಿಕೊಂಡು ಇನ್ನೊಮ್ಮೆ ಕೂಗಿದ.